ತಂದೆಯ ಮಡಿಲು

ಕುಶಾಲನಗರಕ್ಕೆ ಆ ಹೆಸರು ಬಂದುದರ ಬಗೆಗೆ ಊರಿನವರು ಹೇಳುವ ಕಥೆಯೊಂದುಂಟು. ಹೈದರಾಲಿ ದಂಡಿನೊಡನೆ ಇಲ್ಲಿ ಬೀಡುಬಿಟ್ಟಿದ್ದಾಗ ತನಗೆ ಗಂಡುಮಗು ಹುಟ್ಟಿದ ಸುದ್ದಿ ಕೇಳಿದನಂತೆ. ಆ ಖುಷಿಯಲ್ಲಿ ಊರಿಗೆ ಈ ಹೆಸರಿಟ್ಟನಂತೆ. ಟಿಪ್ಪು ಹುಟ್ಟಿದುದು 1750ರಲ್ಲಿ, ದೂರದ ದೇವನಹಳ್ಳಿಯಲ್ಲಿ. ಆ ಕಾಲಕ್ಕೆ ಹೈದರನಿಗೂ ಕೊಡಗಿಗೂ ಯಾವ ಸಂಬಂಧವೂ ಇರಲಿಲ್ಲವಾದುದರಿಂದ ಕಥೆ ಇತಿಹಾಸದ ಒರೆಗೆ ನಿಲ್ಲುವುದಿಲ್ಲ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಮೇಲೆ ಊರು ಕರ್ನಲ್ ಫ್ರೇಸರನ ಹೆಸರು ಹೊತ್ತು ಫ್ರೇಸರ್‌ಪೇಟೆಯೂ ಆಗಿತ್ತು. ಅದು ಹೇಗಾದರೂ ಇರಲಿ, ಕಥೆ ಕಟ್ಟಿದವರು ಲೋಕಾನುಭವಿಗಳು. ತಾಯಿ ಎಲ್ಲಿಯೋ ನೋವು ತಿನ್ನುತ್ತಿರುವಳು. ತಂದೆ ಇನ್ನೆಲ್ಲಿಯೋ ಇದ್ದು ಸುದ್ದಿ ಕೇಳಿ ಸಂತೋಷಪಡುವನು. ಇದರಲ್ಲಿ ಆಶ್ಚರ್ಯಪಡುವಂಥದು ಏನಿದೆಯೆಂದು ಇಂದಿಗೂ ಯಾರೂ ಕೇಳುವುದಿಲ್ಲ.

ಊರನ್ನು ಬಳಸಿ ಹರಿಯುವ ಕಾವೇರಿಯೊಳಗೂ ಇದೇ ವ್ಯವಹಾರ ನಡೆಯುತ್ತಿದೆ. 1952ರಲ್ಲಿ ಪರದೇಶದಿಂದ ಭಾರತಕ್ಕೆ ಬಂದು ಕೆರೆಹೊಳೆಗಳನ್ನೆಲ್ಲ ತುಂಬಿಕೊಂಡ ತಿಲಾಪಿಯಾ ಎಂಬ ಮೀನನ್ನು ನಮ್ಮ ಜನ ಜಿಲೇಬಿ ಎಂದು ಕರೆದು ಮನೆಯದಾಗಿಸಿಕೊಂಡಿದ್ದಾರೆ. ಅದರಲ್ಲಿ ಗಂಡು ಮಣ್ಣಿನಲ್ಲೊಂದು ಗುಂಡಿ ತೋಡಿ, ಮೈಯ ಬಣ್ಣವೇರಿಸಿಕೊಂಡು ಮೆರೆಯುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು, ಅವುಗಳನ್ನು ತನ್ನ ಬಾಯಿಗೆ ತುಂಬಿಕೊಂಡು ಹೊರಟುಹೋಗುತ್ತದೆ. ಮುಂದೆ ಎರಡು ಮೂರು ವಾರ ಆಕೆಗೆ ಹೆಚ್ಚುಕಡಿಮೆ ಉಪವಾಸ. ಗಂಡಾದರೋ ಮತ್ತೊಬ್ಬಳ ನಿರೀಕ್ಷೆಯಲ್ಲಿ ಗುಂಡಿಯ ಅಂಚನ್ನು ಓರಣಮಾಡುತ್ತಿರುತ್ತದೆ.

ಆದರೆ ಇದೇ ಕಾವೇರಿ ತಮಿಳುನಾಡನ್ನು ದಾಟಿ ಕಡಲು ಸೇರುತ್ತದಷ್ಟೆ. ಅದರ ಮುಖಜಭೂಮಿಯ ದಕ್ಷಿಣಕ್ಕಿರುವ ಪಾಕ್ ಕೊಲ್ಲಿಯ ಕಡಲಹುಲ್ಲಿನಲ್ಲಿ ಕಡಲ್ಗುದುರೆಗಳೂ ಅವುಗಳ ದಾಯಾದಿಗಳಾದ ಕೊಳವೆಮೀನುಗಳೂ ವಾಸವಾಗಿವೆ. ಈ ಕುಲದ ತಂದೆಗೆ ಮಗು ಹುಟ್ಟಿದ ಸುದ್ದಿಯನ್ನು ಯಾರೂ ತಂದು ಮುಟ್ಟಿಸಬೇಕಾಗಿಲ್ಲ. ಬಸಿರು ಹೊರುವವನೂ ಅವನೇ, ಹೆರುವವನೂ ಅವನೇ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಮೈಗೋ, ಮೈಯಲ್ಲಿರುವ ಚೀಲಕ್ಕೋ ಒಪ್ಪಿಸಿ ಹೋಗಿಬಿಡುತ್ತದೆ. ಚೀಲದೊಳಗೆ ಗಂಡು ಮೊಟ್ಟೆಗಳಿಗೆ ಪ್ರಾಣವಾಯುವನ್ನು ಒದಗಿಸುತ್ತದೆ, ಉಪ್ಪಿನ ಅಂಶವನ್ನು ಹದದಲ್ಲಿಡುತ್ತದೆ, ಆಹಾರದ ಸಾರವನ್ನೂ ಕೊಡುತ್ತದೆ. 1871ರ ತನ್ನ ಗ್ರಂಥದಲ್ಲಿಯೇ ಡಾರ್ವಿನ್ ಈ ಚೀಲಗಳನ್ನು ಪ್ರಸ್ತಾಪಿಸಿದ್ದಾನೆ.

ಹೊರೆ ಬದಲಾದರೆ ನಡತೆಯೂ ಬದಲಾಗುತ್ತದೆಯೆ? 1972ರಲ್ಲಿ ರಾಬರ್ಟ್ ಟ್ರೈವರ್ಸ್ ಎಂಬ ಅಮೆರಿಕದ ವಿದ್ವಾಂಸ ಇದಕ್ಕೊಂದು ಸೂತ್ರ ಕೊಟ್ಟ. ಸಂತಾನಕ್ಕಾಗಿ ಹೆಚ್ಚು ಬಂಡವಾಳ ಹೂಡುವವರು ಆಯುವವರಾಗುತ್ತಾರೆ. ಕಡಿಮೆ ಹೂಡುವವರು ಅವರಿಗಾಗಿ ಹೊಡೆದಾಡುತ್ತಾರೆ. ಯಾರು ಗಂಡು, ಯಾರು ಹೆಣ್ಣು ಎಂಬುದು ಲೆಕ್ಕದ ಕೊನೆಯಲ್ಲಿ ಬರುವ ಮಾತು. ಸ್ವೀಡನ್ನಿನ ಕರಾವಳಿಯ ಕೊಳವೆಮೀನುಗಳಲ್ಲಿ ಈ ಸೂತ್ರ ಕಣ್ಣಿಗೆ ಕಟ್ಟುವಂತೆ ಕಂಡಿತು. ಒಂದು ಗಂಡು ಹಲವು ವಾರ ಬಸಿರು ಹೊತ್ತಿರುವಷ್ಟರಲ್ಲಿ ಒಂದು ಹೆಣ್ಣು ಸುಮಾರು ಎರಡು ಗಂಡುಗಳ ಚೀಲ ತುಂಬುವಷ್ಟು ಮೊಟ್ಟೆ ತಯಾರಿಸಬಲ್ಲುದು. ಬಿಡುವಾಗಿರುವ ಚೀಲಗಳು ಕಡಿಮೆ, ಕಾದಿರುವ ಹೆಣ್ಣುಗಳು ಹೆಚ್ಚು. ಆದುದರಿಂದ ಅಲ್ಲಿ ಮೈಮೇಲೆ ಅಡ್ಡಪಟ್ಟೆಗಳ ಅಲಂಕಾರ ಮಾಡಿಕೊಂಡು ಕುಣಿಯುವುದು, ಪರಸ್ಪರ ಸ್ಪರ್ಧಿಸುವುದು ಹೆಣ್ಣು. ಗಂಡು ನಿಧಾನವಾಗಿ ನೋಡಿ, ದೊಡ್ಡಮೈಯವಳನ್ನು ಆರಿಸುತ್ತದೆ. ದೊಡ್ಡವಳ ಮೊಟ್ಟೆಯೂ ದೊಡ್ಡದು.

ಇಲ್ಲಿ ವಾಚಕರಿಗೆ ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರ ನೆನಪಾಗದಿರದು. ಸಿಂಗರಿಸಿಕೊಂಡು ಬಂದು ನಿಲ್ಲುವವಳು ಹೆಣ್ಣು. ಕೇಸರಿಬಾತಿನ ತಟ್ಟೆ ಹಿಡಿದು ಒಪ್ಪಿಗೆಯನ್ನೋ ಒಲ್ಲೆನೆಂಬುದನ್ನೋ ಮನಸ್ಸಿನಲ್ಲಿ ತೂಗುವವನು ಗಂಡು. ನೋಟಕ್ಕೆ ಎರಡೂ ಒಂದೇ. ಆದರೆ ಕೊಳವೆಮೀನಿನ ವರ ಆಯುವ ಅಧಿಕಾರವನ್ನು ಹೊಟ್ಟೆಯ ಭಾರದಿಂದ ಸಂಪಾದಿಸಿರುತ್ತಾನೆ. ನಮ್ಮ ವರನಿಗೆ ಅಧಿಕಾರ ಅವನದು, ಭಾರ ಅವಳದು. ಟ್ರೈವರ್ಸನ ಸೂತ್ರದಲ್ಲಿ ಈ ಏರ್ಪಾಡಿಗೆ ಸ್ಥಳ ಹುಡುಕುವುದು ಕಷ್ಟ.

ಹಾಗೆಂದು ಆ ಮೀನುತಂದೆಯನ್ನು ತ್ಯಾಗಮೂರ್ತಿಯೆಂದು ಪೂಜಿಸಹೊರಟರೆ ನಿರಾಶೆಯಾದೀತು. ಅಮೆರಿಕದ ಮೆಕ್ಸಿಕೋ ಕೊಲ್ಲಿಯ ಕೊಳವೆಮೀನನ್ನು ಅಭ್ಯಸಿಸಿದ ಪ್ಯಾಕ್ಜೋಲ್ಟ್ ಮತ್ತು ಜೋನ್ಸ್ 2010ರಲ್ಲಿ ಪ್ರಕಟಿಸಿದ ಸಂಗತಿ ಮನಸ್ಸನ್ನು ಕಲಕುವಂಥದು. ದೊಡ್ಡ, ಮೆಚ್ಚಿನ ಹೆಣ್ಣು ಕೊಟ್ಟ ಮೊಟ್ಟೆಗಳು ಚೀಲದಲ್ಲಿ ಹೆಚ್ಚಾಗಿ ಬದುಕಿ ಉಳಿದುವು. ಅಷ್ಟೇನೂ ಮೆಚ್ಚದ ಚಿಕ್ಕ ಹೆಣ್ಣಿನ ಮೊಟ್ಟೆಗಳು ಅಷ್ಟಾಗಿ ಉಳಿಯಲಿಲ್ಲ. ಒಮ್ಮೆ ಧಾರಾಳವಾಗಿ ಸಾಕಿದ ತಂದೆ ಮುಂದಿನ ಸಲ ಕೈ ಬಿಗಿಹಿಡಿದುದೂ ಕಂಡುಬಂದಿತು. ಸ್ವೀಡನ್ನಿನ ಮೀನಿನಲ್ಲಂತೂ ನಶಿಸಿದ ಮೊಟ್ಟೆಗಳ ಸಾರವನ್ನು ತಂದೆಯ ಮೈಯೇ ಹೀರಿಕೊಳ್ಳುತ್ತದೆಂದು ಪರೀಕ್ಷೆಗಳಿಂದ ತಿಳಿದಿದೆ. ಬಸಿರು ಗಂಡಿಗೆ ಬಂದೊಡನೆ ಅದರ ಜಿಪುಣತನ, ಮುಂದಾಲೋಚನೆ, ಪಕ್ಷಪಾತಗಳೂ ಜೊತೆಗೇ ಬಂದುವು. ಹೊರುವವರ ಕಷ್ಟ ಹೊತ್ತವರಿಗೇ ಗೊತ್ತು.

ಕಡಲ್ಗುದುರೆಯ ಸಂಸಾರ ಇಷ್ಟು ತಲೆಕೆಳಗಲ್ಲ. ಬಸಿರು ಗಂಡಿನದೇ ಆದರೂ ಅಲ್ಲಿ ಸಾಮಾನ್ಯವಾಗಿ ಒಂದಕ್ಕೊಂದು ಜೋಡಿ. ಹೆಣ್ಣಿಗಾಗಿ ಹೆಚ್ಚು ಸೆಣಸುವುದೂ ಗಂಡೇ. ಒಣಗಿಸಿದ ಕಡಲ್ಗುದುರೆಗೆ ಪರದೇಶದ ಔಷಧಿ ಪೇಟೆಯಲ್ಲಿ ಬೆಲೆಯಿದ್ದುದರಿಂದ ತುಂಬು ಬಸುರಿನ ಗಂಡುಗಳೂ ರಾಶಿರಾಶಿಯಾಗಿ ಬಿಸಿಲಿಗೆ ಬಿದ್ದುವು. 2001ರಲ್ಲಿ ಭಾರತ ಸರ್ಕಾರ ಈ ಇಡೀ ಕುಲವನ್ನು ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಡಿಸಿತು.

ಆದರೆ ಮಕ್ಕಳನ್ನು ಹೊರುವ ತಂದೆಯನ್ನು ಕಾಣಲು ಕುಶಾಲನಗರದವರು ಕಡಲಿನವರೆಗೆ ಹೋಗಬೇಕಾದುದಿಲ್ಲ. ಪಶ್ಚಿಮಘಟ್ಟದ ತೋಡುಗಳಲ್ಲಿ, ಗದ್ದೆಯ ಕಾಲುವೆಗಳಲ್ಲಿ ಕೊರವದ ಜಾತಿಗೆ ಸೇರಿದ ಗಿಡ್ಡ ಮೀನೊಂದಿದೆ. ಶಾಸ್ತ್ರದ ಹೆಸರು ಚನ್ನಾ ಗಚುವಾ. ಗೇಣುದ್ದವನ್ನು ಮೀರುವುದು ಅಪರೂಪ. ಅದರಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದು ತಂದೆ. ಜಿಲೇಬಿಯ ತಾಯಿ ಮಾಡುವ ಉಪವಾಸವನ್ನೇ ಕೆಸರುನೀರಿನಲ್ಲಿ, ಯಾರ ಕಣ್ಣಿಗೂ ಬೀಳದೆ, ಈ ಪುಟ್ಟ ಗಂಡು ಮಾಡುತ್ತದೆ.

ದೊಡ್ಡ ಕೊರವ ಮೊಟ್ಟೆಯನ್ನು ಬಾಯಲ್ಲಿಡುವುದಿಲ್ಲ, ಕಾವಲು ನಿಲ್ಲುತ್ತದೆ. ಅದರ ಮರಿಗಳು ಕೆಂಪು. ಗಾಳಿ ನುಂಗಲು ಆಗಾಗ ಮೇಲಕ್ಕೆ ಬರಲೇಬೇಕಾದ ನೂರಾರು ಮರಿಗಳ ಹಿಂಡು ಮಳೆಗಾಲದ ನೀರಿನ ಮೇಲೆ ಕುದಿಯುವ ಕುಂಕುಮದಂತೆ ತೋರುತ್ತದೆ. ಅದರಡಿಯಲ್ಲಿ ಒಂದು ಕಪ್ಪು ನೆರಳು. ಬಲ್ಲ ಗಾಳದವನು ಗಾಳವನ್ನು ಹಿಂಡಿನ ನಡುವೆಯೇ ಎಳೆಯುತ್ತಾನೆ. ನೆರಳು ಮೇಲೇರಿ ಕಚ್ಚುತ್ತದೆ, ಹಸಿವಿನಿಂದಲ್ಲ. ಅಂದು ಸಂಜೆಯೊಳಗೆ ಮರಿಗಳು ಇತರ ಮೀನುಗಳ ಪಾಲು. ಕೆಂಪು ಹಿಂಡನ್ನು ಕಂಡ ಕೂಡಲೆ ದಾರ ಸುತ್ತಿಕೊಂಡು ಬೇರೆ ಮಡುವಿಗೆ ನಡೆಯುವವರೂ ಉಂಟು. ಏಕೆಂದು ಕೇಳಿದರೆ, ಅಲ್ಲಿ ಮೀನಿಲ್ಲ ಎನ್ನುತ್ತಾರೆ.