ರೋಗದ ಹೆಸರು ನಾನೇ ಹೇಳಿದ್ದೆ

ನಮ್ಮ ಮನೆಯ ಓಮ್ನಿ 2004ರದ್ದು, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮುಂದಿನ ಸೀಟಿನಡಿ 796 ಸಿಸಿಯ ಪುಟ್ಟ ಎಂಜಿನ್, ನಾಲ್ಕೇ ಗೇರು. ಅಡಿಕೆ ಚೀಲ, ಬಾಳೆಗೊನೆ, ಮದುವೆಮನೆಗೆ ಹೊರಟ ನೆಂಟರು, ಏನು ತುಂಬಿದರೂ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿ ಮತ್ತೆ ಹತ್ತಿ ಬರುತ್ತಿತ್ತು. 2019ರಲ್ಲಿ ಓಮ್ನಿ ತಯಾರಿಯೇ ನಿಂತಿತು. ಅದೇ ವರ್ಷ, ಮಳೆಗಾಲ ಮುಗಿಯುವ ಹೊತ್ತಿಗೆ, ನಮ್ಮ ಗಾಡಿಯ ಗೇರು ತಕರಾರು ಶುರುಮಾಡಿತು.

ಮೊದಲು ರಿವರ್ಸ್ ಹಾಕುವಾಗ ‘ಕರ್ರ್’ ಎಂದಿತು. ಆಮೇಲೆ ಒಂದನೇ ಗೇರೂ ಸಲೀಸಾಗಿ ಬೀಳದಾಯಿತು. ಕ್ಲಚ್ ಪೆಡಲನ್ನು ಪೂರ್ತಿ ತಳಕ್ಕೊತ್ತಿದರೂ ಕಷ್ಟ. ಕಾಲು ಒಂದಿಷ್ಟು ಎತ್ತಿದ ಕೂಡಲೇ ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಇದೆಲ್ಲ ನನ್ನ ಎಡಗಾಲಿಗೆ ವಾರಗಳಿಂದ ಗೊತ್ತಿತ್ತು. ಆದರೆ ಪೇಟೆಯ ಗ್ಯಾರೇಜಿಗೆ ಹೋದವನು ಅದೊಂದನ್ನೂ ಹೇಳಲಿಲ್ಲ. “ಗೇರ್‌ಬಾಕ್ಸ್ ಹೋಗಿದೆ, ಎಷ್ಟಾಗ್ತದೆ?” ಎಂದೆ. ಹಳೇ ಗಾಡಿ ಎಂದಮೇಲೆ ಅದೇ ಇರಬೇಕೆಂದು ಪಕ್ಕದ ಮನೆಯವರು ಅಂದಿದ್ದರು, ನಾನು ಒಪ್ಪಿಕೊಂಡಿದ್ದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ನೋಡದೆ ತೀರ್ಮಾನಿಸಬೇಡಿ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ.

ಗೇರ್‌ಬಾಕ್ಸ್ ಇಳಿಸಿದರು, ಬಿಚ್ಚಿದರು, ಸಿಂಕ್ರೊ ರಿಂಗು, ಬೇರಿಂಗು ಬದಲಿಸಿದರು. 19,500 ರೂಪಾಯಿ. ಎರಡು ವಾರ ಗೇರು ಬೆಣ್ಣೆಯಂತೆ ಬಿತ್ತು. ಮೂರನೇ ವಾರ ಅಂಗಳದಲ್ಲಿ ಗಾಡಿ ತಿರುಗಿಸುವಾಗ ಮತ್ತೆ ‘ಕರ್ರ್’.

ಕುಮಟೆಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಸೀಟಿನಲ್ಲಿ ಕೂತು ಎಂಜಿನ್ ಆಫ್ ಮಾಡಿದರು. ಒಂದು, ಎರಡು, ಮೂರು, ನಾಲ್ಕು, ರಿವರ್ಸ್. ಎಲ್ಲ ಗೇರೂ ಸದ್ದಿಲ್ಲದೆ ಬಿದ್ದವು. ಎಂಜಿನ್ ಆನ್ ಮಾಡಿ ಕ್ಲಚ್ ಒತ್ತಿದರು. ರಿವರ್ಸ್ ಅರಚಿತು.

“ಮಾಸ್ತರ್ರೇ, ಒಳಗೆ ಗೇರು ಸಿಕ್ಕಿಕೊಂಡಿದ್ರೆ ಎಂಜಿನ್ ಬಂದ್ ಇದ್ದಾಗ್ಲೂ ಬೀಳಬಾರ್ದು. ಇದು ಕ್ಲಚ್ ಬಿಡ್ತಾ ಇಲ್ಲ.”

“ಹಂಗಾದ್ರೆ ಎರಡು ವಾರ ಸರಿ ಇತ್ತಲ್ಲ, ಸಾಯ್ಬ್ರೆ?”

ಅವರು ಗಾಡಿಯ ಕೆಳಗೆ ತೂರಿ ಕೇಬಲ್ ಕಳಚಿ ತಂದರು. ಹೊರಕವಚದ ಬಾಗಿನಲ್ಲಿ ಉಕ್ಕಿನ ಎಳೆಗಳು ಒಂದೊಂದಾಗಿ ಹರಿದು, ಉಳಿದವು ಎಳೆದುಕೊಂಡು ಉದ್ದವಾಗಿದ್ದವು. ಪೆಡಲ್ ಒತ್ತಿದಷ್ಟು ಎಳೆತ ಕ್ಲಚ್ಚಿನ ತುದಿ ಮುಟ್ಟುತ್ತಿರಲಿಲ್ಲ. ಕ್ಲಚ್ ಪ್ಲೇಟು ಪೂರ್ತಿ ಬಿಡುಗಡೆಯಾಗದೆ ಎಂಜಿನ್ನಿನ ಜೊತೆ ತುಸು ತಿರುಗುತ್ತಲೇ ಇತ್ತು, ಅದರೊಂದಿಗೆ ಗೇರ್‌ಬಾಕ್ಸಿನ ಒಳಶಾಫ್ಟೂ. ಮುಂದಿನ ಗೇರುಗಳಲ್ಲಿ ವೇಗ ಹೊಂದಿಸುವ ಸಿಂಕ್ರೊ ಇದೆ. ರಿವರ್ಸ್‌ಗೆ ಅದಿಲ್ಲ, ಹಾಗಾಗಿ ಅದೇ ಮೊದಲು ಕೂಗಿತು. ಗೇರ್‌ಬಾಕ್ಸ್ ಮತ್ತೆ ಕೂರಿಸಿದಾಗ ಗ್ಯಾರೇಜಿನ ಹುಡುಗ ಕೇಬಲ್ಲಿನ ನಟ್ ಬಿಗಿ ಮಾಡಿದ್ದ. ನನ್ನ ಎರಡು ವಾರದ ಸುಖ ಆ ನಟ್ಟಿನದು. ಹೊಸ ಕೇಬಲ್ಲಿಗೆ 350 ರೂಪಾಯಿ, ಕೂಲಿ ಬೇರೆ.

ಅಂದು ಅವರು ಬೆಂಚಿನ ಮೇಲೆ ಕೂರಿಸಿ ಇನ್ನಷ್ಟು ಹೇಳಿದರು. ನ್ಯೂಟ್ರಲ್‌ನಲ್ಲಿ ಗೊರಗೊರ ಇದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗ್. ಹ್ಯಾಂಡ್‌ಬ್ರೇಕ್ ಎಳೆದು ನಾಲ್ಕನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟರೆ ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು, ನಿಲ್ಲದೆ ಓಡುತ್ತಿದ್ದರೆ ಪ್ಲೇಟು ಜಾರುತ್ತಿದೆ. ಗೇರ್‌ಬಾಕ್ಸ್ ಇಳಿಸುವ ಮಾತು ಬಂದರೆ ಮೊದಲು ಗೇರ್ ಆಯಿಲ್ ಒಂದು ಬಟ್ಟಲಿಗೆ ಇಳಿಸಿ ಬೆಳಕಿಗೆ ಹಿಡಿಯಬೇಕು. ನುಣ್ಣನೆ ಹಿತ್ತಾಳೆ ಪುಡಿ ಸವೆತದ್ದು, ಹೆದರಬೇಕಿಲ್ಲ. ಉಕ್ಕಿನ ಚೂರು ಕಂಡರೆ ಬಿಚ್ಚಲೇಬೇಕು. ಇದಕ್ಕೆಲ್ಲ ಅರ್ಧ ಗಂಟೆ ಸಾಕು.

ಗ್ಯಾರೇಜಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಪರೀಕ್ಷಿಸಬೇಕಿತ್ತು, ನಿಜ. ಆದರೆ ಅವರ ಮುಂದೆ ನಾನು ಇಟ್ಟದ್ದು ಲಕ್ಷಣಗಳನ್ನಲ್ಲ, ತೀರ್ಪನ್ನು. ತಳಕ್ಕಿಳಿದ ಪೆಡಲಿನ ವಿಷಯ ಒಂದೇ ಮಾತಿನಲ್ಲಿ ಹೇಳಿದ್ದರೆ ಅವರ ಕೈ ಮೊದಲು ಕೇಬಲ್ಲಿಗೆ ಹೋಗುತ್ತಿತ್ತೇನೋ.

ಆ 19,500 ಅಮ್ಮನ ಕಣ್ಣಿನ ಪೊರೆ ತೆಗೆಸಲು ಎತ್ತಿಟ್ಟದ್ದು. ಅಡಿಕೆ ಮಾರಿ ಮತ್ತೆ ಹಣ ಹೊಂದಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆಯಿತು. ಅಷ್ಟೂ ದಿನ ಸಂಜೆ ತುಳಸಿಗೆ ದೀಪ ಇಡಲು ಹೋಗುವಾಗ ಅಮ್ಮ ಕಟ್ಟೆಯ ಅಂಚನ್ನು ಕೈಯಲ್ಲಿ ಸವರಿ ಹುಡುಕಿಕೊಳ್ಳುತ್ತಿದ್ದರು. ಅಂಗಳದ ಈ ಬದಿ, ಓಮ್ನಿಯ ಪಕ್ಕ ನಿಂತು ನಾನದನ್ನು ನೋಡುತ್ತಿದ್ದೆ.