64 ಕೆಬಿಯ ಮೋಹ

ಕಮೊಡೋರ್ 64 ಅನ್ನೋ ಮನೆಬಳಕೆಯ ಕಂಪ್ಯೂಟರ್ ಮಾರುಕಟ್ಟೆಗೆ ಬಂದಿದ್ದು 1982ರಲ್ಲಿ. ಅದನ್ನು ತಯಾರಿಸುತ್ತಿದ್ದ ಅಮೆರಿಕದ ಕಂಪನಿ 1994ರಲ್ಲಿ ದಿವಾಳಿಯಾಯಿತು. ನಾನು ಹುಟ್ಟಿದ್ದು ಅದಾದ ಮೇಲೆ! ಹಾಗಾಗಿ 'ಬಾಲ್ಯದ ನೆನಪು, ಅದಕ್ಕೇ ಇಷ್ಟ' ಅನ್ನೋ ನೆಪ ನನಗಿಲ್ಲ. ನಾನು ಅದನ್ನು ಕಂಡಿದ್ದೇ ಎಮ್ಯುಲೇಟರ್‌ನಲ್ಲಿ. ಅಂದರೆ ನನ್ನ ಲ್ಯಾಪ್‌ಟಾಪಿನೊಳಗೆ ಆ ಹಳೇ ಯಂತ್ರದ ವೇಷ ಕಟ್ಟಿ ಕುಣಿಯುವ ಒಂದು ಪ್ರೋಗ್ರಾಂನಲ್ಲಿ. ಆದರೂ ಈಗ ನನ್ನ ಅರ್ಧ ಶನಿವಾರಗಳು ಅದರ ಪಾಲು. "ಇದಕ್ಕೆ ಸಂಬಳ ಕೊಡ್ತಾರೇನೋ?" ಅಂತ ಅಮ್ಮ ಕೇಳ್ತಾಳೆ :)

ನೋಡೋಕೆ ದಪ್ಪನೆಯ ಕೀಬೋರ್ಡ್, ಅಷ್ಟೇ. ಇಡೀ ಕಂಪ್ಯೂಟರ್ ಅದರೊಳಗೇ ಇದೆ, ಟಿವಿಗೆ ಸಿಕ್ಕಿಸಿದರೆ ಆಯ್ತು. 64 ಕಿಲೋಬೈಟ್ ಮೆಮೊರಿ, ಸುಮಾರು 1 ಮೆಗಾಹರ್ಟ್ಸ್ ವೇಗ, 16 ಬಣ್ಣ. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗೂ ಅಲ್ಲಿ ಜಾಗ ಸಾಲದು. ಆನ್ ಮಾಡಿದ ಕೆಲವೇ ಕ್ಷಣಕ್ಕೆ ನೀಲಿ ಪರದೆ ಬಂದು, 38911 ಬೈಟ್ ಖಾಲಿ ಇದೆ, ನಾನು 'ರೆಡಿ' ಅನ್ನುತ್ತೆ. ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ. 'ಪೋಕ್ 53280,0' ಅಂತ ಕುಟ್ಟಿದರೆ ಪರದೆಯ ಅಂಚು ಕಪ್ಪಾಗುತ್ತೆ. 1982ರ ಯಂತ್ರದಲ್ಲೂ ಅದೇ ಸಂಖ್ಯೆ, ಕೊನೆಯ ಯಂತ್ರದಲ್ಲೂ ಅದೇ. ಒಮ್ಮೆ ಕಲಿತದ್ದು ಹಳಸುವುದಿಲ್ಲ.

ನನಗೆ ಬೇಕಾಗಿದ್ದು ಇದೇ ಇರಬೇಕು ಅನ್ಸುತ್ತೆ. ಆಫೀಸಿನಲ್ಲಿ ನಾನು ಬರೆಯೋ ಕೋಡ್ ಯಾರೋ ಬರೆದ ಲೈಬ್ರರಿ ಮೇಲೆ ನಿಂತಿದೆ, ಅದು ಇನ್ಯಾರದೋ ಫ್ರೇಮ್‌ವರ್ಕ್ ಮೇಲೆ, ಅದು ಎಲ್ಲೋ ಇರುವ ಸರ್ವರ್ ಮೇಲೆ. ಎರಡು ವರ್ಷಕ್ಕೆ ಎಲ್ಲಾ ಬದಲಾಗಿ, ಕಷ್ಟಪಟ್ಟು ಕಲಿತದ್ದು ಗುಜರಿಗೆ. ಇಂಜಿನಿಯರ್ ಅಂತ ಹೇಳಿಕೊಂಡು ಆರು ವರ್ಷ ದುಡಿದ ಮೇಲೂ, ಒಂದೇ ಒಂದು ಯಂತ್ರ ನನಗೆ ಪೂರ್ತಿ ಗೊತ್ತು ಅನ್ನೋ ಧೈರ್ಯ ಇರಲಿಲ್ಲ. ಇದರ ಮೆಮೊರಿಯ ನಕ್ಷೆಯನ್ನಾದರೂ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬಹುದು. ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಸುವಷ್ಟು ದೊಡ್ಡದು.

ಹಾಗಂತ ಬೇಗ ಮುಗಿದುಹೋಗೋ ಯಂತ್ರವೂ ಅಲ್ಲ. ಬಾಬ್ ಯಾನ್ನೆಸ್ ಅನ್ನೋ ಇಂಜಿನಿಯರ್ ವಿನ್ಯಾಸ ಮಾಡಿದ 'ಸಿಡ್' ಅನ್ನೋ ಧ್ವನಿ ಚಿಪ್‌ನಲ್ಲಿ ಇರೋದು ಮೂರೇ ಸ್ವರ. ಆದರೆ ವಾಲ್ಯೂಮ್ ಬದಲಿಸಿದಾಗಲೆಲ್ಲ ಅದು 'ಟಿಕ್' ಅನ್ನುತ್ತಿತ್ತು. ಅದು ದೋಷ. ಕೆಲವರು ವಾಲ್ಯೂಮನ್ನು ಸೆಕೆಂಡಿಗೆ ಸಾವಿರಾರು ಸಲ ಬದಲಿಸಿ, ಆ ಟಿಕ್‌ಗಳಿಂದಲೇ ಮನುಷ್ಯರ ಮಾತು, ಡ್ರಮ್ಮಿನ ಸದ್ದು ಹೊರಡಿಸಿಬಿಟ್ಟರು! ಮುಂದೆ ಸುಧಾರಿತ ಚಿಪ್ ಬಂದಾಗ ದೋಷ ಕಡಿಮೆಯಾಯ್ತು, ಜೊತೆಗೆ ಆ ಡ್ರಮ್ಮೂ ಕ್ಷೀಣವಾಯ್ತು.

ಪರದೆಯ ಅಂಚಿನದ್ದೂ ಅದೇ ಕಥೆ. ಅಲ್ಲಿ ಚಿತ್ರ ಬರುವಂತಿಲ್ಲ, ಬರೀ ಬಣ್ಣ. ಆದರೆ ಚಿತ್ರ ಮೂಡಿಸೋ ಚಿಪ್ ಸರಿಯಾದ ಗೆರೆಗೆ ಬಂದಾಗ 25 ಸಾಲಿನ ಪರದೆಯನ್ನು 24 ಸಾಲಿನದ್ದಾಗಿ ಬದಲಿಸಿದರೆ, 'ಇಲ್ಲಿಂದ ಅಂಚು ಶುರು' ಅನ್ನೋದನ್ನೇ ಚಿಪ್ ಮರೆತುಬಿಡುತ್ತೆ. ಆ ಜಾಗದಲ್ಲೂ ಗೊಂಬೆಗಳು ಓಡಾಡುತ್ತವೆ. ಮೊನ್ನೆ ನಾನೇ ಇದನ್ನು ಅಸೆಂಬ್ಲಿಯಲ್ಲಿ ಬರೆದೆ. ಒಂದು ಚೆಂಡು ಅಂಚು ದಾಟಿ ಕೆಳಗೆ ಜಾರಿದಾಗ ಆದ ಖುಷಿ ಅಪ್ರೈಸಲ್‌ನಲ್ಲೂ ಆಗಿರಲಿಲ್ಲ.

ಇಂಥ ಕಸರತ್ತುಗಳನ್ನೇ ಕಲೆ ಮಾಡಿಕೊಂಡವರ ಲೋಕಕ್ಕೆ ಡೆಮೊಸೀನ್ ಅಂತ ಹೆಸರು. 2020ರಲ್ಲಿ ಫಿನ್ಲೆಂಡ್ ಇದನ್ನು ತನ್ನ ಜೀವಂತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು, 2021ರಲ್ಲಿ ಜರ್ಮನಿಯೂ ಸೇರಿಸಿತು. 2017ರಲ್ಲಿ ಇದೇ ಯಂತ್ರಕ್ಕೆ 'ಸ್ಯಾಮ್ಸ್ ಜರ್ನಿ' ಅನ್ನೋ ಹೊಸ ಆಟ ಬಂತು, ಕಂಪನಿ ಮುಳುಗಿ 23 ವರ್ಷ ಆದಮೇಲೆ!

ಯಂತ್ರ ಬೆಳೆಯುವುದನ್ನು ನಿಲ್ಲಿಸಿತು, ಹಾಗಾಗಿ ಅದನ್ನು ಬಲ್ಲವರು ಬೆಳೆಯುತ್ತಾ ಹೋದರು. ನನಗೆ ಅರ್ಥವಾಗಿದ್ದು ಇಷ್ಟು. ನಿಮಗೂ ಹೀಗೆ ಅಡಿಯಿಂದ ಮುಡಿಯವರೆಗೆ ಗೊತ್ತಿರೋ ಯಂತ್ರ ಯಾವುದಾದರೂ ಇದೆಯಾ? ಹೊಲಿಗೆ ಮಷೀನೋ, ಲೂನಾನೋ, ಅಜ್ಜನ ರೇಡಿಯೋನೋ?