ಹುಳಿಯಾರಿನ ಲೇತು, ಬೋರನಕಣಿವೆಯ ಕುಲುಮೆ

ತಿಪಟೂರಿನಲ್ಲಿ ಬಸ್ಸಿಳಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಎಬೊನೈಟ್ (ಗಂಧಕ ಬೆರೆಸಿದ ಗಟ್ಟಿ ರಬ್ಬರು) ಕೋಲು, ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಕೊಂಡ ಗೇಣುದ್ದದ ಸಿಲ್ವರ್ ಸ್ಟೀಲ್ ಸರಳು ಇದ್ದವು. ಶೇಕಡಾ ಒಂದರಷ್ಟು ಇಂಗಾಲ ಇರುವ ಉಕ್ಕು ಅದು. ಕೊಂಡಾಗ ಮೆದು, ಕಾಯಿಸಿ ಹದ ಹಾಕಿದರೆ ಅರಕ್ಕೂ ಬಗ್ಗುವುದಿಲ್ಲ. ಅದರಿಂದ ಒಂದು ಟ್ಯಾಪು, ಅಂದರೆ ರಂಧ್ರದೊಳಗೆ ತಿರುಪಿನ ಮರೆ ಕೊರೆಯುವ ಉಪಕರಣ, ಮಾಡಿಸಿಕೊಂಡು ಬರಬೇಕಿತ್ತು.

ಶಾಯಿ ಪೆನ್ನು ಕಡೆಯುವ ಹುಚ್ಚಿಗೆ ಬಿದ್ದವರಿಗೆಲ್ಲ ಒಂದಲ್ಲ ಒಂದು ದಿನ ಮುಚ್ಚಳದ ತಲೆನೋವು ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ ಟ್ಯಾಪಿನಲ್ಲಿ ಮರೆ ಒಂದೇ. 0.8 ಮಿ.ಮೀ. ಪಿಚ್ಚಿನದನ್ನು, ಅಂದರೆ ಮರೆಯ ಸುತ್ತುಗಳ ನಡುವೆ ಅಷ್ಟು ಅಂತರ ಇರುವುದನ್ನು, ಹಾಕಿದರೆ ಮುಚ್ಚಳವನ್ನು ಹೆಚ್ಚುಕಮ್ಮಿ ನಾಲ್ಕು ಸುತ್ತು ತಿರುವಬೇಕು. ಅಷ್ಟರಲ್ಲಿ ಬರೆಯಬೇಕೆಂದಿದ್ದುದೇ ಮರೆತುಹೋಗಿರುತ್ತದೆ. ಪಿಚ್ಚನ್ನೇ ದೊಡ್ಡದು ಮಾಡೋಣವೆಂದರೆ ಮರೆ ಆಳಕ್ಕಿಳಿದು ತೆಳ್ಳನೆಯ ಗೋಡೆ ಸೀಳುತ್ತದೆ. ಒಳ್ಳೆಯ ಪೆನ್ನುಗಳಲ್ಲಿ ಮೂರು ಮರೆಗಳು ಹುರಿಹಗ್ಗದ ಎಳೆಗಳಂತೆ ಒಂದರ ಪಕ್ಕ ಒಂದು ಸುತ್ತಿಕೊಂಡಿರುತ್ತವೆ. ಆಳ 0.8ಕ್ಕೆ ತಕ್ಕಷ್ಟೇ, ಆದರೆ ಒಂದು ಸುತ್ತಿಗೆ ಮುಚ್ಚಳ 2.4 ಮಿ.ಮೀ. ಸರಿಯುತ್ತದೆ, ಒಂದೂಕಾಲು ಸುತ್ತಿಗೆ ಕೈಗೆ ಬರುತ್ತದೆ. ಇಂಥ ಟ್ಯಾಪು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದಿಲ್ಲ. ಹೊರದೇಶದಿಂದ ತರಿಸಬಹುದು, ಬೆಲೆ ಕೇಳಿದರೆ ಪೆನ್ನಿನ ಆಸೆಯೇ ಹೋಗುತ್ತದೆ. ನಮ್ಮಲ್ಲಿ ಕೈಯಲ್ಲಿ ಪೆನ್ನು ಮಾಡುವುದು ಹೊಸದೇನಲ್ಲ. ರಾಜಮಂಡ್ರಿಯ ರತ್ನಂ ಪೆನ್ನು ಹುಟ್ಟಿದ್ದೇ ಸ್ವದೇಶಿಯ ಹುರುಪಿನಲ್ಲಿ, 1930ರ ದಶಕದಲ್ಲಿ. ಅದರಲ್ಲೊಂದು ಗಾಂಧೀಜಿಯ ಕೈಯನ್ನೂ ಸೇರಿತ್ತು.

ತಿಪಟೂರಿನಲ್ಲಿ ಕೊಬ್ಬರಿ ಚೀಲದ ಲಾರಿಗಳನ್ನು ದಾಟಿಕೊಂಡು ಚಿಕ್ಕನಾಯಕನಹಳ್ಳಿಯ ಬಸ್ಸು ಹಿಡಿದೆ. ಇಲ್ಲಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಎರಡೂ ಇವೆ. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಅದಿರು ತೆಗೆಯುವುದನ್ನು ನಿಲ್ಲಿಸುವವರೆಗೆ ಈ ಕಡೆಯ ರಸ್ತೆಗಳ ಮೇಲೆ ಕೆಂಪು ಧೂಳಿನದೇ ದರ್ಬಾರು. ಕಿಟಕಿಯಾಚೆ ಬೇಲಿಯುದ್ದಕ್ಕೂ ತಂಗಡಿ ಹಳದಿಯಾಗಿ ಹೂ ಬಿಟ್ಟಿತ್ತು. 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದೇ ಜಿಲ್ಲೆಯ ಚನ್ನರಾಯನದುರ್ಗದ ಸುತ್ತ ಉಕ್ಕು ಮಾಡುವುದನ್ನು ಕಂಡು ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಒಂದಿಷ್ಟು ಹಸಿ ಎಲೆ. ಬಾಯಿ ಮೆತ್ತಿ ಬೆಂಕಿಗಿಟ್ಟರೆ ಕಡ್ಡಿ ಇದ್ದಿಲಾಗಿ ಇಂಗಾಲ ಕಬ್ಬಿಣಕ್ಕೆ ಸೇರುತ್ತದೆ. ಅಂಥ ಸೀಮೆಗೆ ನಾನು ಬೆಂಗಳೂರಿನಿಂದ ಉಕ್ಕು ಹೊತ್ತುಕೊಂಡು ಹೊರಟಿದ್ದೆ.

ಚಿಕ್ಕನಾಯಕನಹಳ್ಳಿಯಿಂದ ಮುಂದಕ್ಕೆ, ಹುಳಿಯಾರಿನ ಲೇತ್ ಅಂಗಡಿಗೆ ಹೋದಾಗ ಸುತ್ತಲೂ ಬೋರ್‌ವೆಲ್ ಪಂಪಿನ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು ಬಿದ್ದಿದ್ದವು. ಕಾಗದದ ಮೇಲೆ ಗೀಚಿದ್ದನ್ನು ನೋಡಿ ಯಜಮಾನ ನಕ್ಕ.

"ಮೂರು ಮರೆ ಯಾಕ್ ಸಾರ್? ಒಂದಿದ್ರೆ ಗಟ್ಟಿಯಾಗಿ ಹಿಡಿಯಲ್ವಾ?"

"ಹಿಡಿಯೋಕಲ್ಲ ಅಣ್ಣಾ, ಬೇಗ ಬಿಚ್ಚೋಕೆ."

ಅವನ ಲೇತಿನಲ್ಲಿ ಮೊನೆಯನ್ನು ಸರಿಸುವ ಲೀಡ್ ಸ್ಕ್ರೂ 6 ಮಿ.ಮೀ. ಪಿಚ್ಚಿನದು. ನಮಗೆ ಬೇಕಾದ್ದು 2.4. ಲೇತಿಗೆ ಬಡಿದ ತಗಡಿನ ಮೇಲಿನ ಗೇರಿನ ಪಟ್ಟಿಯಲ್ಲಿ ಆ ಲೆಕ್ಕ ಇರಲಿಲ್ಲ. ಅವನು ಬಾಯಲ್ಲೇ ಲೆಕ್ಕ ಹಾಕಿ 40 ಹಲ್ಲಿನ ಗೇರು, 100 ಹಲ್ಲಿನ ಗೇರು ಹುಡುಕಿ ಜೋಡಿಸಿದ. ಸರಳನ್ನು 13 ಮಿ.ಮೀ.ಗೆ ಕಡೆದು, ತುದಿಯನ್ನು ಸ್ವಲ್ಪ ಸಪೂರ ಮಾಡಿ, 60 ಡಿಗ್ರಿ ಮೊನೆಯಿಂದ ಮೊದಲ ಮರೆ ಎಳೆದ. ಪ್ರತಿ ಸಲವೂ ಕೂದಲಷ್ಟೇ ಒಳಕ್ಕೆ, ಒಟ್ಟು ಆಳ ಅರ್ಧ ಮಿ.ಮೀ. ಕೂಡ ಇಲ್ಲ. ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿಯುವ ಹಾಫ್ ನಟ್ ಬಿಡುವಂತಿಲ್ಲ. ಬಿಟ್ಟರೆ ಮೊನೆ ಅದೇ ಗೆರೆಗೆ ಬಂದು ಬೀಳುತ್ತದೆಂಬ ಖಾತ್ರಿಯಿಲ್ಲ, ಹಾಗಾಗಿ ಮೋಟಾರನ್ನೇ ಹಿಂದಕ್ಕೆ ಓಡಿಸಿ ಶುರುವಿಗೆ ಬರಬೇಕು. ಮೊದಲನೆಯದು ಮುಗಿದ ಮೇಲೆ ಮೇಲಿನ ಸ್ಲೈಡನ್ನು ಸರಿಯಾಗಿ 0.8 ಮುಂದೆ ಸರಿಸಿ ಎರಡನೆಯದು, ಮತ್ತೆ 0.8 ಸರಿಸಿ ಮೂರನೆಯದು. ಸ್ಲೈಡಿನ ಸಡಿಲು ಲೆಕ್ಕಕ್ಕೆ ಸೇರದಂತೆ ಯಾವಾಗಲೂ ಒಂದೇ ಕಡೆಯಿಂದ ತಿರುವುತ್ತಿದ್ದ. ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೆಯ ಮರೆ ಬೀಳುವ ಹೊತ್ತಿಗೆ ಟೀ ಕುಡಿಯಲು ಬಂದಿದ್ದವರೂ ಬಗ್ಗಿ ನೋಡುತ್ತಿದ್ದರು. ಕೊನೆಗೆ ಕೈ ಗ್ರೈಂಡರಿಗೆ ತೆಳು ಚಕ್ರ ಹಾಕಿ ಉದ್ದಕ್ಕೂ ನಾಲ್ಕು ಕಾಲುವೆ ಸೀಳಿಕೊಟ್ಟ. ಮರೆಗೆ ಕತ್ತರಿಸುವ ಅಂಚು ಬರುವುದು ಅದರಿಂದಲೇ, ಕತ್ತರಿಸಿದ ಚೂರು ಹೊರಗೆ ಬರುವುದೂ ಆ ದಾರಿಯಲ್ಲೇ.

ಹದ ಹಾಕಲು ಅವನಲ್ಲಿ ಒಲೆ ಇರಲಿಲ್ಲ. ಬೋರನಕಣಿವೆಯ ಹತ್ತಿರ ನನ್ನ ಮಾವನ ತೋಟ. ಮಚ್ಚು, ಕುಡುಗೋಲಿಗೆ ಮಾವ ಹೋಗುವ ಕುಲುಮೆಯೂ ಅಲ್ಲೇ. ಕುಲುಮೆಯ ಆಚಾರ್ರು ಕರಟದ ಇದ್ದಿಲು ಸುರಿದು ತಿದಿಯ ಬದಲು ಬಂದಿರುವ ಕರೆಂಟ್ ಬ್ಲೋಯರ್ ಹಾಕಿದರು. ನಾನು ಹಳೇ ಸ್ಪೀಕರಿನ ಆಯಸ್ಕಾಂತ ತೆಗೆದೆ. 770 ಡಿಗ್ರಿ ದಾಟಿದ ಮೇಲೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಅದರಿಂದ ಸ್ವಲ್ಪ ಮೇಲಕ್ಕೆ ಕಾಯಿಸಿದರೆ ಹದಕ್ಕೆ ಸರಿ.

"ಅದ್ಯಾಕ್ ಸ್ವಾಮಿ ಅದು. ಬಾಗ್ಲು ಮುಂದಕ್ ಮಾಡಿ, ಬಿಸಿಲು ಬಿದ್ರೆ ಬಣ್ಣ ಕಾಣಲ್ಲ" ಎಂದರು.

ಬಾಗಿಲು ಮುಂದಕ್ಕೆ ಮಾಡಿದ ಮೇಲೆ ಟ್ಯಾಪು ಕಪ್ಪಿನಿಂದ ಕಡುಗೆಂಪಿಗೆ, ಅಲ್ಲಿಂದ ತಿಳಿಗೆಂಪಿಗೆ ಬಂತು. ತೆಳ್ಳಗಿರುವ ಮರೆಯ ಅಂಚು ಮೊದಲೇ ಕಾದು ಸುಡಬಾರದೆಂದು ಇಕ್ಕಳದಲ್ಲಿ ತಿರುಗಿಸುತ್ತಲೇ ಇದ್ದರು. "ಈಗ" ಅಂದರು. ನಾನು ಆಯಸ್ಕಾಂತ ಮುಟ್ಟಿಸಿದೆ, ಹಿಡಿಯಲಿಲ್ಲ. ನೆಟ್ಟಗೆ ನಿಲ್ಲಿಸಿಕೊಂಡೇ ಹೊಂಗೆ ಎಣ್ಣೆಯ ಡಬ್ಬಕ್ಕೆ ಇಳಿಸಿದರು. ಓರೆಯಾಗಿ ಅದ್ದಿದರೆ ಒಂದು ಮಗ್ಗುಲು ಮೊದಲು ತಣ್ಣಗಾಗಿ ಸರಳು ಸೊಟ್ಟಗಾಗುತ್ತದೆ. ಹೊಗೆಯ ಘಾಟಿಗೆ ಮಾವ ಕೆಮ್ಮುತ್ತಾ ಆಚೆ ಹೋದರು. ಹೊರತೆಗೆದ ಮೇಲೆ ಅರ ಆಡಿಸಿದರೆ ಜಾರಿತು. ಹಾಗೇ ಬಿಟ್ಟರೆ ಮರೆಯ ಹಲ್ಲು ಚಕ್ಕೆ ಏಳುತ್ತದೆ. ಉಜ್ಜಿ ಬೆಳ್ಳಗೆ ಮಾಡಿ, ಕಾದ ತಗಡಿನ ಮೇಲಿನ ಮರಳಿನಲ್ಲಿಟ್ಟು ಒಣಹುಲ್ಲಿನ ಬಣ್ಣ ಬರುವವರೆಗೆ, ಅಂದರೆ 220–230 ಡಿಗ್ರಿಯವರೆಗೆ, ಮತ್ತೆ ಕಾಯಿಸಿದೆವು.

ಸಂಜೆ ಬೋರನಕಣಿವೆ ಜಲಾಶಯದ ಏರಿಯ ಮೇಲೆ ಕೂತು 12.2 ಮಿ.ಮೀ. ರಂಧ್ರ ಕೊರೆದಿದ್ದ ಎಬೊನೈಟಿಗೆ ಟ್ಯಾಪು ಕೊಟ್ಟೆ. ಗಂಧಕದ ವಾಸನೆಯೊಂದಿಗೆ ಕಪ್ಪು ಚೂರು ಸುರುಳಿಯಾಗಿ ಬಂತು. ತೋಟದಲ್ಲಿ ಒಣಗಿ ನಿಂತಿದ್ದ ತೆಂಗಿನ ಬೊಡ್ಡೆಯ ಗಟ್ಟಿ ಹೊರಭಾಗಕ್ಕೂ ಹಾಕಿ ನೋಡಿದೆ. ನಾರು ಕಿತ್ತು ಮರೆ ಉದುರಿತು. ತೆಂಗಿನಲ್ಲಿ ಪೆನ್ನು ಬೇಕೆಂದರೆ ಒಳಗೆ ಎಬೊನೈಟಿನ ಕೊಳವೆ ಅಂಟಿಸಿ ಮರೆಯನ್ನು ಅದಕ್ಕೆ ಹಾಕಬೇಕು.

ಸುವರ್ಣಮುಖಿ ನದಿಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯ ಹತ್ತನೇ ಚಾಮರಾಜ ಒಡೆಯರ ಕಾಲದ್ದು. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ತೂಬಿನ ಬಾಗಿಲೆತ್ತುವ ಉದ್ದನೆಯ ತಿರುಪು ಕಂಬಿ ಎಲ್ಲರೂ ಕಂಡದ್ದೇ. ಅದರ ಮರೆ ಒಂದೇ, ಚೌಕನೆಯದು. ಎಷ್ಟು ತಿರುವಿದರೂ ಬಾಗಿಲು ಬೆರಳಷ್ಟೇ ಏಳುತ್ತದೆ, ಆದರೆ ಕೈಬಿಟ್ಟರೆ ಹಿಂದಕ್ಕೆ ಜಾರುವುದಿಲ್ಲ. ಪೆನ್ನಿನ ಮೂರು ಮರೆಯ ಓರೆ 3.5 ಡಿಗ್ರಿಯಷ್ಟೇ, ಆದ್ದರಿಂದ ಅದೂ ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಆರು, ಎಂಟು ಮರೆ ಹಾಕುವ ಉಮೇದು ಬಂದವರು ಈ ಓರೆಯ ಲೆಕ್ಕ ನೋಡಿಕೊಳ್ಳುವುದು ಒಳ್ಳೆಯದು.

ಒಳಮರೆಯ ಕೆಲಸ ಆಯಿತು. ಪೆನ್ನಿನ ಮೈಮೇಲಿನ ಹೊರಮರೆಗೆ ಡೈ ಬೇಕು. ಉಕ್ಕಿನ ಬಿಲ್ಲೆಗೆ ಇದೇ ಟ್ಯಾಪು ಹಾಕಿ, ಸುತ್ತ ರಂಧ್ರ ಕೊರೆದು, ಒಂದು ಕಡೆ ಸೀಳಿ, ಆಮೇಲೆ ಹದ ಹಾಕಿದರೆ ಡೈ. ಆಚಾರ್ರಿಗೆ ಹೇಳಿದೆ.

"ತನ್ನಿ, ಮಾಡಾಣ. ಬಿಲ್ಲೆ ಮಾತ್ರ ಮಲಗಿಸಿ ಅದ್ದಬಾರ್ದು. ಅದಕ್ಕೊಂದು ಕೊಕ್ಕೆನೂ ಮಾಡಿಸ್ಕೊಂಡ್ ಬನ್ನಿ."